ಕೊನೆಭಾಗಕ್ಕೆ ತಲುಪದ ಬಿ12

ಬೆರಳ ಗೆಣ್ಣುಗಳು ಕಪ್ಪಾದವೆಂದು ಹೊಸಪೇಟೆಯಲ್ಲಿ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಕಾರಣ ಹೇಳಲು ಊರಿಗೆ ಕಷ್ಟವೇನೂ ಇಲ್ಲ. ಏಪ್ರಿಲ್ ಬಿಸಿಲಿದೆ, ಸಂಡೂರಿನ ಅದಿರಿನ ಕೆಂದೂಳಿದೆ, ಕಂಪ್ಲಿಯ ಗದ್ದೆಯ ಕೆಸರಿದೆ, ಹಂಪಿಯ ಬಂಡೆಗಳ ಕಾವಿದೆ. ಹೊಟ್ಟೆ ಉಬ್ಬರದ ಕತೆಯೂ ಅಷ್ಟೆ. ಸಂಜೆ ತಿಂದ ಒಗ್ಗರಣೆ ಮಿರ್ಚಿ, ಹೊತ್ತು ಮೀರಿದ ಊಟ, ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುವ ಗ್ಯಾಸಿನ ಗುಳಿಗೆ, ಅಲ್ಲಿಗೆ ಮುಗಿಯಿತು. ಬಹಳ ಸಲ ಈ ಕಾರಣಗಳು ನಿಜವೇ ಆಗಿರುತ್ತವೆ. ಆದರೆ ತಿಂಗಳುಗಟ್ಟಲೆ ಬಿಡದ ಉಬ್ಬರ, ಸುಸ್ತು, ನಾಲಿಗೆ ಉರಿ, ಗೆಣ್ಣಿನ ಕಪ್ಪು ಇವೆಲ್ಲ ಒಂದೇ ಮೈಯಲ್ಲಿ ಕೂಡಿಬಂದರೆ ಒಂದೊಂದಕ್ಕೂ ಒಂದೊಂದು ನೆಪ ಹುಡುಕುವುದು ಸರಿಯಲ್ಲ. ಆಗ ಸಣ್ಣಕರುಳಿನ ಕಡೆ ನೋಡಬೇಕು.

ನಮ್ಮ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನ ಪಾಲು ದೊಡ್ಡ ಕರುಳಿನಲ್ಲಿವೆ. ಅಲ್ಲಿ ಒಂದು ಗ್ರಾಂ ದ್ರವ್ಯದಲ್ಲಿ ಅವುಗಳ ಸಂಖ್ಯೆ ಹತ್ತು ಸಾವಿರ ಕೋಟಿಯ ಆಸುಪಾಸು. ಸಣ್ಣಕರುಳಿನ ಮೇಲ್ಭಾಗದಲ್ಲಿ ಒಂದು ಮಿಲಿಲೀಟರಿಗೆ ಕೆಲವು ಸಾವಿರ ಸಿಕ್ಕರೆ ಹೆಚ್ಚು. ಅನ್ನ, ರೊಟ್ಟಿ, ಬೇಳೆ, ಎಣ್ಣೆ ಎಲ್ಲವೂ ರಕ್ತಕ್ಕೆ ಸೇರುವುದು ಸುಮಾರು 6 ಮೀಟರ್ ಉದ್ದದ ಈ ಸಣ್ಣಕರುಳಿನಲ್ಲಿ. ಆದ್ದರಿಂದ ದೇಹ ಇಲ್ಲಿ ಪಾಲುದಾರರನ್ನು ಸೇರಿಸಿಕೊಳ್ಳುವುದಿಲ್ಲ. ಜಠರದ ಆಮ್ಲ ಮೊದಲ ತಡೆ. ದೊಡ್ಡ ಕರುಳು ಸೇರುವಲ್ಲಿರುವ ಕವಾಟ ಕೊನೆಯ ತಡೆ. ನಡುವೆ ಇನ್ನೊಂದಿದೆ, ಅದರ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ. ಹೊಟ್ಟೆ ಖಾಲಿ ಇರುವಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಿಂದ ಕೆಳಗಿನವರೆಗೆ ಒಂದು ಬಲವಾದ ಹಿಂಡುವ ಅಲೆ ಸಾಗುತ್ತದೆ. ಉಳಿದ ತುಣುಕು, ಲೋಳೆ, ಬ್ಯಾಕ್ಟೀರಿಯಾ ಎಲ್ಲವನ್ನೂ ಅದು ಮುಂದಕ್ಕೆ ತಳ್ಳುತ್ತದೆ. 1969ರಲ್ಲಿ ಜೋಸೆಫ್ ಶುರ್ಷೆವ್ಸ್ಕಿ ಇದನ್ನು ನಾಯಿಗಳಲ್ಲಿ ವಿವರಿಸಿದರು. 1977ರಲ್ಲಿ ಬೆಲ್ಜಿಯಂನ ಗಾಸ್ತೋಂ ವಾಂತ್ರಾಪನ್ ಮತ್ತು ಸಂಗಡಿಗರು, ಈ ಅಲೆ ಇಲ್ಲದ ಅಥವಾ ಹದಗೆಟ್ಟ ರೋಗಿಗಳ ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿದ್ದನ್ನು ತೋರಿಸಿದರು.

ಬಾಯಿಗೆ ಏನಾದರೂ ಬಿದ್ದರೆ ಈ ಅಲೆ ನಿಲ್ಲುತ್ತದೆ. ಹಾಲು ಸಕ್ಕರೆ ಹಾಕಿದ ಅರ್ಧ ಲೋಟ ಚಹಾ ಸಾಕು. ಅದಿರಿನ ಲಾರಿ ಓಡಿಸುತ್ತ ಗಂಟೆಗೊಂದು ಚಹಾ, ನಡುನಡುವೆ ಚುರುಮುರಿ ಎಂದು ದಿನ ಕಳೆಯುವವರ ಕರುಳಿಗೆ ಹಗಲೆಲ್ಲ ಬಿಡುವೇ ಸಿಗುವುದಿಲ್ಲ. ಅಷ್ಟಕ್ಕೇ ರೋಗ ಬರುತ್ತದೆಂದು ಹೇಳುವುದು ಮಾತ್ರ ಆತುರ. ಊಟಗಳ ನಡುವೆ ಅಂತರ ಬಿಡಿ ಎಂಬ ಸಲಹೆ ಶರೀರಶಾಸ್ತ್ರದ ತಿಳಿವಳಿಕೆಯಿಂದ ಹುಟ್ಟಿದ್ದು, ಅದೇ ಮದ್ದೆಂದು ಪ್ರಯೋಗಗಳಿಂದ ಸಾಬೀತಾದದ್ದಲ್ಲ. ನಿಜವಾದ ಏಟು ಬೀಳುವುದು ಬೇರೆ ಕಡೆಯಿಂದ. ಹಳೆಯ ಸಕ್ಕರೆ ಕಾಯಿಲೆ ಕರುಳಿನ ನರಗಳನ್ನು ಕೆಡಿಸುತ್ತದೆ. ಥೈರಾಯ್ಡ್ ಕುಂದಿದರೆ ಚಲನೆ ನಿಧಾನವಾಗುತ್ತದೆ. ಹಿಂದೆಂದೋ ಆದ ಆಪರೇಷನ್ನಿನಿಂದ ಕರುಳಿನಲ್ಲಿ ಹರಿವಿಲ್ಲದ ಮೂಲೆ ಉಳಿದಿರಬಹುದು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕರುಳಿನ ಕ್ಷಯ. ಅದು ಕರುಳನ್ನು ಕಿರಿದಾಗಿಸಿದಾಗ ಹಿಂದೆ ನಿಂತ ಆಹಾರದಲ್ಲಿ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತವೆ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಹೊಟ್ಟೆ ಹಿಂಡಿ ನೋಯುತ್ತಿದ್ದರೆ ಗ್ಯಾಸೆಂದು ಕಾಯುತ್ತ ಕೂರಬಾರದು.

ನೀರಿನ ಪಾಲೂ ಇದೆ. 2021ರಲ್ಲಿ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಹಲವರು ತೀರಿಕೊಂಡದ್ದು ಸುದ್ದಿಯಾಯಿತು. ಇಂಥ ಕಡೆ ಬದುಕುಳಿದವರು ವಾರದಲ್ಲಿ ಎದ್ದು ಓಡಾಡುತ್ತಾರೆ, ಸುದ್ದಿಯೂ ಅಲ್ಲಿಗೆ ಮುಗಿಯುತ್ತದೆ. ಆದರೆ ಜೋರು ಭೇದಿಯಾದವರಲ್ಲಿ ಒಂದು ಪಾಲು ಜನರಿಗೆ ಕರುಳಿನ ಚಲನೆ ಮೊದಲಿನಂತಾಗದೆ, ತಿಂಗಳುಗಳ ಕಾಲ ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಕಾಡುವುದನ್ನು ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ಕೆಲವು ಸೋಂಕುಗಳಲ್ಲಿ, ಕ್ರಿಮಿಯ ವಿಷಕ್ಕೆಂದು ದೇಹ ತಯಾರಿಸಿದ ಪ್ರತಿಕಾಯ ತನ್ನದೇ ಕರುಳಿನ ನರದ ಮೇಲೂ ತಿರುಗಬಹುದೆಂಬ ವಾದವಿದೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ಮುಗಿದಿಲ್ಲ.

ಮಿತಿಮೀರಿ ಬೆಳೆದ ಬ್ಯಾಕ್ಟೀರಿಯಾ ನಾವು ಉಂಡದ್ದನ್ನು ನಾವು ಹೀರುವ ಮೊದಲೇ ಹುದುಗಿಸುತ್ತವೆ. ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಬ್ಯಾಕ್ಟೀರಿಯಾ ಅಲ್ಲದ, ಆರ್ಕಿಯಾ ಎಂಬ ಬೇರೆಯೇ ಗುಂಪಿನ ಜೀವಿಗಳು ಆ ಹೈಡ್ರೋಜನ್ ಬಳಸಿ ಮೀಥೇನ್ ಮಾಡುತ್ತವೆ. ಮೀಥೇನ್ ಹೆಚ್ಚಿರುವವರಲ್ಲಿ ಮಲಬದ್ಧತೆಯೂ ಹೆಚ್ಚು. ಉಬ್ಬರವೆಂದರೆ ಈ ಅನಿಲ. ತೊಂದರೆ ಅಷ್ಟರಲ್ಲೇ ನಿಂತಿದ್ದರೆ ಚರ್ಮದ ಮಾತು ಬರುತ್ತಲೇ ಇರಲಿಲ್ಲ.

ಬಿ12 ವಿಟಮಿನ್ ಎಲ್ಲೆಂದರಲ್ಲಿ ರಕ್ತಕ್ಕೆ ಸೇರುವುದಿಲ್ಲ. ಆರು ಮೀಟರ್ ಹಾದಿಯ ತುತ್ತತುದಿಯಲ್ಲಿ, ದೊಡ್ಡ ಕರುಳಿಗೆ ಇನ್ನೇನು ಸೇರಬೇಕೆನ್ನುವಲ್ಲಿ ಮಾತ್ರ ಅದನ್ನು ಹೀರುವ ಏರ್ಪಾಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕತೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಡ್ಯಾಮಿನಿಂದ ಎಷ್ಟೇ ನೀರು ಬಿಟ್ಟರೂ ಮಾನ್ವಿ, ಸಿರವಾರದ ಕೊನೆಭಾಗದ ರೈತನ ಗದ್ದೆ ಒಣಗುತ್ತದೆ. ಸಣ್ಣಕರುಳಿನ ಮೇಲ್ಭಾಗದಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ ಬಿ12ನ್ನು ದಾರಿಯಲ್ಲೇ ಎತ್ತಿಕೊಳ್ಳುತ್ತವೆ. ಅದೇ ಬ್ಯಾಕ್ಟೀರಿಯಾ ಫೋಲೇಟ್ ಎಂಬ ಇನ್ನೊಂದು ವಿಟಮಿನ್ನನ್ನು ತಯಾರಿಸಿಯೂ ಕೊಡುತ್ತವೆ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಎಂದು ಬಂದರೆ ಅನುಭವಿ ವೈದ್ಯರಿಗೆ ಸಂಶಯ ಬರುವುದು ಇದರಿಂದಲೇ.

ಎಣ್ಣೆ, ತುಪ್ಪದ ಪಾಡೂ ಕೆಡುತ್ತದೆ. ಕೊಬ್ಬು ಕರಗಬೇಕಾದರೆ ಪಿತ್ತರಸದ ಆಮ್ಲಗಳು ಬೇಕು, ಬ್ಯಾಕ್ಟೀರಿಯಾ ಅವುಗಳ ರಚನೆಯನ್ನೇ ಒಡೆಯುತ್ತವೆ. ಆಗ ಮಲ ಜಿಡ್ಡಾಗಿ, ತೇಲುವಂತೆ, ಕೆಟ್ಟ ವಾಸನೆಯಿಂದ ಹೋಗುತ್ತದೆ. ಕೊಬ್ಬಿನ ಜೊತೆಗೆ ಎ, ಡಿ, ಇ ವಿಟಮಿನ್‌ಗಳೂ ಚರ್ಮಕ್ಕೆ ಬೇಕಾದ ಕೊಬ್ಬಿನಾಮ್ಲಗಳೂ ಹೊರಗೆ. ಮೊಣಕೈ, ಮೊಣಕಾಲ ಮೇಲೆ ಮುಳ್ಳುಮುಳ್ಳಾದ ಗುಳ್ಳೆಗಳೆದ್ದು ಒರಟಾಗುವ ಚರ್ಮವನ್ನು ದಕ್ಷಿಣ ಭಾರತದ ಶಾಲಾಮಕ್ಕಳಲ್ಲಿ ವೈದ್ಯರು ಬಹಳ ಹಿಂದಿನಿಂದಲೂ ಕಂಡಿದ್ದಾರೆ. ಅದಕ್ಕೆ ಹೆಚ್ಚಾಗಿ ಊಟದ ಕೊರತೆಯೇ ಕಾರಣ. ಉಂಡದ್ದು ಹೀರದಿದ್ದರೂ ಫಲ ಅದೇ.

ಗೆಣ್ಣಿನ ಕಪ್ಪಿನ ವಿಷಯಕ್ಕೆ ವೆಲ್ಲೂರಿಗೆ ಹೋಗಬೇಕು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್ ಮತ್ತು ಸಂಗಡಿಗರು 1963ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಿ12 ಕೊರತೆಯಿದ್ದ ರೋಗಿಗಳ ಕೈಕಾಲುಗಳ ಚರ್ಮ, ಅದರಲ್ಲೂ ಬೆರಳ ಗೆಣ್ಣಿನ ಮೇಲಿನದು, ಕಪ್ಪಾಗಿರುವುದನ್ನು ಅವರು ಗುರುತಿಸಿದ್ದರು. ಬಿ12 ಕೊಟ್ಟ ಮೇಲೆ ವಾರಗಳು ಕಳೆದಂತೆ ಆ ಕಪ್ಪು ತಿಳಿಯಾಯಿತು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಕೆಗೆ ಕಡಿವಾಣ ಹಾಕುವ ರಾಸಾಯನಿಕ ಸಮತೋಲ ಬಿ12 ಇಲ್ಲದಾಗ ಸಡಿಲಗೊಳ್ಳುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಬಿಸಿಲಿನ ಕಪ್ಪಿನಿಂದ ಇದನ್ನು ಬೇರ್ಪಡಿಸಲು ಒಂದು ಸುಳಿವಿದೆ. ಅಂಗೈ ಗೆರೆಗಳೂ ನಾಲಿಗೆಯೂ ಇತ್ತೀಚೆಗೆ ಹೊಸದಾಗಿ ಕಪ್ಪಾಗುತ್ತಿದ್ದರೆ ಅದಕ್ಕೆ ಬಿಸಿಲನ್ನು ದೂರುವಂತಿಲ್ಲ.

ಅದೇ ಕಾಲೇಜಿನಲ್ಲಿ ಬೇಕರ್ ಮತ್ತು ವಿ. ಐ. ಮಾಥನ್ ಇನ್ನೊಂದು ರೋಗದ ಬೆನ್ನು ಹತ್ತಿದ್ದರು. ಟ್ರಾಪಿಕಲ್ ಸ್ಪ್ರೂ ಎಂಬ ಆ ರೋಗ 1960ರ ದಶಕದಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ಪಿಡುಗಿನಂತೆ ಹರಡಿತ್ತು. ನಿಲ್ಲದ ಭೇದಿ, ಸೊರಗುವ ಮೈ, ಹುಣ್ಣಾದ ನಾಲಿಗೆ, ರಕ್ತಹೀನತೆ ಅದರ ಲಕ್ಷಣ. ರೋಗಿಗಳ ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ತುಂಬಿದ್ದು ನಿರೀಕ್ಷಿತವೇ. ಅಚ್ಚರಿ ಏನೆಂದರೆ, ಆರೋಗ್ಯವಾಗಿದ್ದ ದಕ್ಷಿಣ ಭಾರತೀಯರ ಸಣ್ಣಕರುಳಿನಲ್ಲೂ ಅವು ಗಣನೀಯವಾಗಿದ್ದವು. 1980ರಲ್ಲಿ ಆಲ್ಬರ್ಟ್, ಮಾಥನ್, ಬೇಕರ್ ಮೂವರೂ ನೇಚರ್ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇನ್ನೂ ವಿಚಿತ್ರವಾಗಿದೆ: ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಬಿ12ನ್ನು ಸ್ವತಃ ತಯಾರಿಸಬಲ್ಲವು. ಅಂದರೆ ಕೊಳ್ಳೆ ಹೊಡೆಯುವವೂ ಇವೆ, ಬೆಳೆದು ಕೊಡುವವೂ ಇವೆ. ಪಾಶ್ಚಾತ್ಯರ ಕರುಳಿಗೆ ಎಳೆದ ಗೆರೆಯನ್ನೇ ತಂದು ಕಂಪ್ಲಿಯ ರೈತನ ಕರುಳಿಗೆ ಎಳೆಯುವ ಮೊದಲು ಈ ಹಳೆಯ ಪ್ರಬಂಧವನ್ನು ಓದಿಕೊಳ್ಳುವುದು ಒಳಿತು ಎಂದು ನನಗನ್ನಿಸುತ್ತದೆ.

ಕರುಳು ಮತ್ತು ಚರ್ಮದ ನಂಟಿನ ಬಗ್ಗೆ ಈಗ ಸಿಗುವ ಬರಹಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಮಾತ್ರ ರೊಸೇಸಿಯಾ ಕುರಿತ ಇಟಲಿಯ ಒಂದು ಅಧ್ಯಯನ. ರೊಸೇಸಿಯಾ ಎಂದರೆ ಕೆನ್ನೆ, ಮೂಗು ಕೆಂಪಾಗಿ ಗುಳ್ಳೆ ಏಳುವ ಕಾಯಿಲೆ. 2008ರಲ್ಲಿ ಜಿನೋವಾದ ವೈದ್ಯರು 113 ರೊಸೇಸಿಯಾ ರೋಗಿಗಳನ್ನು ಪರೀಕ್ಷಿಸಿದಾಗ 52 ಜನರಲ್ಲಿ ಸಣ್ಣಕರುಳಿನ ಬ್ಯಾಕ್ಟೀರಿಯಾಗಳ ಅತಿವೃದ್ಧಿ ಕಂಡಿತು. ಕಾಯಿಲೆಯಿಲ್ಲದ 60 ಜನರಲ್ಲಿ ಮೂವರಲ್ಲಿ ಮಾತ್ರ. ರಿಫಾಕ್ಸಿಮಿನ್ ಎಂಬ, ಕರುಳಿನಲ್ಲೇ ಉಳಿದು ಕೆಲಸ ಮಾಡುವ ಆ್ಯಂಟಿಬಯಾಟಿಕ್‌ನಿಂದ ಅತಿವೃದ್ಧಿ ನಿವಾರಣೆಯಾದ 28 ಜನರಲ್ಲಿ 20 ಮಂದಿಯ ಮುಖ ತಿಳಿಯಾಯಿತು. ಬಲವಾದ ಫಲಿತಾಂಶ, ಆದರೆ ಚಿಕ್ಕ ಅಧ್ಯಯನ. ಅಲ್ಲದೆ ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಅಷ್ಟಾಗಿ ಎದ್ದು ಕಾಣುವುದಿಲ್ಲ, ರೊಸೇಸಿಯಾ ಇದ್ದರೂ ಗುರುತು ತಪ್ಪುತ್ತದೆ. ನಮ್ಮ ಕಡೆ ಮೊದಲು ನೋಡಬೇಕಾದದ್ದು ಕೆನ್ನೆಗಿಂತ ಗೆಣ್ಣು.

ಇದಕ್ಕಿಂತ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಒಂದು ಆಪರೇಷನ್ನಿನಿಂದ. 1960, 70ರ ದಶಕಗಳಲ್ಲಿ ಅತಿ ಬೊಜ್ಜಿನವರಿಗೆ ಪಶ್ಚಿಮ ದೇಶಗಳಲ್ಲಿ ಸಣ್ಣಕರುಳಿನ ಹೆಚ್ಚು ಭಾಗವನ್ನು ಆಹಾರದ ಹಾದಿಯಿಂದ ಹೊರಗಿಟ್ಟು ಹೊಲಿಯುತ್ತಿದ್ದರು. ತೂಕವೇನೋ ಇಳಿಯಿತು. ಕೆಲವರಿಗೆ ಮೈಮೇಲೆ ಕೀವುಗುಳ್ಳೆ, ಕೀಲುನೋವು, ಜ್ವರ ಮರಳಿ ಮರಳಿ ಬರತೊಡಗಿದವು. ಹೊರಗಿಟ್ಟ ಕರುಳಿನ ತುಂಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅವುಗಳ ಕೋಶಭಿತ್ತಿಯ ಚೂರುಗಳಿಗೆ ದೇಹ ತೋರಿದ ಪ್ರತಿಕ್ರಿಯೆ ಚರ್ಮದಲ್ಲಿ ಕಾಣಿಸುತ್ತಿತ್ತು. ಆ್ಯಂಟಿಬಯಾಟಿಕ್ ಕೊಟ್ಟರೆ ಇಳಿಯುತ್ತಿತ್ತು, ಕರುಳನ್ನು ಮೊದಲಿನಂತೆ ಜೋಡಿಸಿದರೆ ಹೋಗುತ್ತಿತ್ತು. ಆ ಶಸ್ತ್ರಚಿಕಿತ್ಸೆಯನ್ನು ಈಗ ಕೈಬಿಟ್ಟಿದ್ದಾರೆ. ಮೊಡವೆ, ಸೋರಿಯಾಸಿಸ್, ಇಸಬುಗಳ ಮಟ್ಟಿಗೆ ಇಷ್ಟು ಸ್ಪಷ್ಟವಾದ ಪುರಾವೆ ಇಲ್ಲ. ಕರುಳು ಶುದ್ಧಿ ಮಾಡಿ ಮುಖ ಬೆಳಗಿಸುತ್ತೇವೆಂದು ಮಾರುವ ಡಬ್ಬಿಗಳಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣದು. ಸಂಡೂರಿನಲ್ಲಿ ಧೂಳಿಗೆ ಕೆರೆಯುವ ಮೈಯೂ, ನಾಟಿ ಕಾಲದಲ್ಲಿ ಬೆರಳ ಸಂದಿಗೆ ಬರುವ ಕೆಸರುಹುಣ್ಣೂ ಕರುಳಿನ ತಪ್ಪಲ್ಲ.

ಗೆಣ್ಣು ಕಪ್ಪಾದವರಲ್ಲೂ ಹೆಚ್ಚಿನವರಿಗೆ ಬಿ12 ಕೊರತೆ ಬಂದಿರುವುದು ಊಟದಿಂದ. ಹಾಲು, ಮೊಟ್ಟೆ, ಮಾಂಸ ಕಡಿಮೆಯಾದರೆ ಅದು ಸಹಜ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಬಿ12 ಇಳಿಯುತ್ತದೆ. ಹಾಲು ಮೊಟ್ಟೆ ಚೆನ್ನಾಗಿ ತಿನ್ನುವವರಲ್ಲೂ ಕೊರತೆ ಕಂಡು, ಜೊತೆಗೆ ಉಬ್ಬರ, ಜಿಡ್ಡು ಮಲ ಇದ್ದಾಗಲೇ ಅತಿವೃದ್ಧಿಯ ಸಂಶಯಕ್ಕೆ ಬಲ. ದಿನವೂ ಬೆಳಗ್ಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವ ರೂಢಿಯನ್ನೂ ಇಲ್ಲೇ ವಿಚಾರಿಸಬೇಕು. ಹುಣ್ಣಿದ್ದವರಿಗೆ ಅವು ಬೇಕು, ತಾವಾಗಿ ನಿಲ್ಲಿಸಬಾರದು. ಆದರೆ ಆಮ್ಲವನ್ನು ತಗ್ಗಿಸುವುದೆಂದರೆ ಮೊದಲ ತಡೆಯನ್ನು ಸಡಿಲಿಸುವುದು. ಉಬ್ಬರಕ್ಕೆಂದು ಶುರುವಾದ ಗುಳಿಗೆಯಿಂದಲೇ ಉಬ್ಬರ ಬೆಳೆಯುವ ಸಾಧ್ಯತೆಯುಂಟು.

ಪರೀಕ್ಷೆ ಉಸಿರಿನಲ್ಲಿದೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ, ಉಸಿರಲ್ಲಿ ಬಂದರೆ ಅದು ಸೂಕ್ಷ್ಮಜೀವಿಗಳದ್ದೇ. ಗ್ಲೂಕೋಸ್ ನೀರು ಕುಡಿಸಿ ಸಮಯ ಸಮಯಕ್ಕೆ ಉಸಿರು ಅಳೆಯುತ್ತಾರೆ. 90 ನಿಮಿಷದೊಳಗೆ ಹೈಡ್ರೋಜನ್ ಹತ್ತು ಲಕ್ಷಕ್ಕೆ 20 ಭಾಗದಷ್ಟು ಏರಿದರೆ ಅತಿವೃದ್ಧಿ ಎಂದು ಲೆಕ್ಕ. ಹಿಂದಿನ ದಿನ ಜೋಳದ ರೊಟ್ಟಿ, ಕಾಳು, ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟು ಬರಬೇಕು. ಬಿಳಿ ಅನ್ನ ಉಣ್ಣಬಹುದು, ಏಕೆಂದರೆ ಅಕ್ಕಿಯ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗಿ ಬ್ಯಾಕ್ಟೀರಿಯಾಗಳಿಗೆ ಏನೂ ಉಳಿಯುವುದಿಲ್ಲ. ಕಂಪ್ಲಿಯವರಿಗೆ ಈ ಪಥ್ಯ ಕಷ್ಟವಾಗಲಿಕ್ಕಿಲ್ಲ. ಪರೀಕ್ಷೆ ತಪ್ಪೂ ಹೇಳಬಲ್ಲದು, ಹಾಗಾಗಿ ಬಿ12 ಮಟ್ಟ, ರಕ್ತದ ಎಣಿಕೆ, ಥೈರಾಯ್ಡ್, ಸಕ್ಕರೆ ಇವುಗಳ ಜೊತೆಗಿಟ್ಟು ಅದನ್ನು ಓದಬೇಕು.

ಚಿಕಿತ್ಸೆಗೆ ರಿಫಾಕ್ಸಿಮಿನ್ ಇದೆ, ಬಿ12 ಚುಚ್ಚುಮದ್ದಿದೆ. ಅಂಗಡಿಯಿಂದ ತಾವೇ ಕೊಂಡು ನುಂಗುವ ಆ್ಯಂಟಿಬಯಾಟಿಕ್ ಅಲ್ಲ ಅದು, ಪ್ರಮಾಣವನ್ನೂ ದಿನಗಳನ್ನೂ ವೈದ್ಯರು ಗೊತ್ತುಮಾಡಬೇಕು. 2008ರಲ್ಲೇ ಇಟಲಿಯಲ್ಲಿ, ರಿಫಾಕ್ಸಿಮಿನ್‌ನಿಂದ ಗುಣವಾದ 80 ಜನರನ್ನು ಬೆನ್ನುಹತ್ತಿ ನೋಡಿದಾಗ ಮೂರು ತಿಂಗಳಲ್ಲಿ ಶೇ 13ರಷ್ಟು, ಒಂಬತ್ತು ತಿಂಗಳಲ್ಲಿ ಶೇ 44ರಷ್ಟು ಜನರಿಗೆ ಅತಿವೃದ್ಧಿ ಮರುಕಳಿಸಿತ್ತು. ವಯಸ್ಸಾದವರಲ್ಲಿ, ಅಪೆಂಡಿಕ್ಸ್ ತೆಗೆಸಿಕೊಂಡವರಲ್ಲಿ, ಆಮ್ಲದ ಗುಳಿಗೆ ಬಿಡದವರಲ್ಲಿ ಮರುಕಳಿಸಿದ್ದು ಹೆಚ್ಚು. ವೈದ್ಯರ ಬಳಿ ಹೋಗುವಾಗ ಹಳೆಯ ಆಪರೇಷನ್ನಿನ ಕಾಗದ, ದಿನವೂ ನುಂಗುವ ಗುಳಿಗೆಗಳ ಖಾಲಿ ಪಟ್ಟಿಗಳು, ಕಳೆದ ವರ್ಷ ಜೋರು ಭೇದಿಯಾಗಿತ್ತೇ ಎಂಬ ನೆನಪು, ಇಷ್ಟನ್ನು ಕೊಂಡೊಯ್ದರೆ ಪರೀಕ್ಷೆಗಳಲ್ಲಿ ಒಂದೆರಡು ಕಡಿಮೆಯಾದರೂ ಆದೀತು.