ಗೆದ್ದವರು ಎರಡು ವರ್ಷ ಪುರಸಭೆಯ ಹೊರಗೇ ನಿಂತರು

ಹಿರೇಕೆರೂರಿನವರು 2019ರ ಡಿಸೆಂಬರ್ 5ರಂದು ವಿಧಾನಸಭೆ ಉಪಚುನಾವಣೆಗೆ ಮತ ಹಾಕಿದರು. ಹಾನಗಲ್ಲಿನವರು 2021ರ ಅಕ್ಟೋಬರ್ 30ರಂದು ಹಾಕಿದರು. ಶಿಗ್ಗಾವಿ ಕ್ಷೇತ್ರದವರ ಸರದಿ ಬಂದದ್ದು 2024ರ ನವೆಂಬರ್ 13ರಂದು. ಸವಣೂರು ಪಟ್ಟಣವೂ ಶಿಗ್ಗಾವಿ ಕ್ಷೇತ್ರಕ್ಕೇ ಸೇರಿರುವುದರಿಂದ ಐದು ವರ್ಷದೊಳಗೆ ಈ ನಾಲ್ಕೂ ಊರು ಉಪಚುನಾವಣೆ ಕಂಡವು. ಶಾಸಕರ ಜಾಗ ತೆರವಾದರೆ ಆರು ತಿಂಗಳೊಳಗೆ ತುಂಬಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದು ಸರಿಯಾದ ಕಾಯ್ದೆ. ಆದರೆ ಅದೇ ಹೊತ್ತಿನಲ್ಲಿ, ನಮ್ಮ ಮನೆ ಮುಂದಿನ ನಲ್ಲಿ, ಗಟಾರು, ಬೀದಿದೀಪ ನೋಡಿಕೊಳ್ಳಲೆಂದು ನಾವು ಆರಿಸಿದವರಿಗೆ ಕೂರಲು ಕುರ್ಚಿ ಸಿಕ್ಕಿರಲಿಲ್ಲ. ಹಿರೇಕೆರೂರಿನವರು ಶಾಸಕರ ಉಪಚುನಾವಣೆಗೆ ಸಾಲು ನಿಂತ ದಿನ, ಅವರೇ ಹದಿನೈದು ತಿಂಗಳ ಹಿಂದೆ ಗೆಲ್ಲಿಸಿದ್ದ ಪಟ್ಟಣ ಪಂಚಾಯಿತಿ ಸದಸ್ಯರು ಇನ್ನೂ ಮೊದಲ ಸಭೆಯ ನೋಟಿಸಿಗೆ ಕಾಯುತ್ತಿದ್ದರು.

ನಾನು ಹಾನಗಲ್ಲಿನವಳು, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮಂಥವರಿಗೆ ಚುನಾವಣೆ ಡ್ಯೂಟಿ ತಪ್ಪುವುದಿಲ್ಲ. 2018ರ ಆಗಸ್ಟ್ 31ರಂದು ಹಾನಗಲ್, ಸವಣೂರು ಪುರಸಭೆಗಳಿಗೂ ಹಿರೇಕೆರೂರು ಪಟ್ಟಣ ಪಂಚಾಯಿತಿಗೂ ಮತದಾನ ನಡೆಯಿತು. ಶಿಗ್ಗಾವಿ ಪುರಸಭೆಯದು ಮುಂದಿನ ಮೇ 29ಕ್ಕೆ. ಆಗಸ್ಟ್‌ನ ಆ ಮತದಾನದ ಹಿಂದಿನ ದಿನ ಮಸ್ಟರಿಂಗ್ ಮುಗಿಸಿ, ಮತಯಂತ್ರ ಹೊತ್ತು ಬೂತಿಗೆ ಹೋಗಿ ಮಲಗಿ, ನಸುಕಿನಲ್ಲೆದ್ದು ಅಣಕು ಮತದಾನ ಮಾಡಿ ತೋರಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜ ಅಜ್ಜಿ ಕೈ ಹಿಡಿದುಕೊಂಡು ಬಂದರು. ಅಜ್ಜಿಯ ಹೆಸರು ನಮ್ಮ ಯಾದಿಯಲ್ಲಿತ್ತು, ಅಜ್ಜನದು ಇರಲಿಲ್ಲ. ಏಜೆಂಟರು ಹುಡುಕಾಡಿ, ಪಕ್ಕದ ವಾರ್ಡಿನ ಯಾದಿಯಲ್ಲಿದೆ ಎಂದು ಹೇಳಿದರು. "ಒಂದ ಮನಿ, ಒಂದ ಒಲಿ. ಎರಡ ವಾರ್ಡ್ ಹೆಂಗ್ ಆಕ್ಕಾವ್ರೀ ಅಕ್ಕೋರ?" ಎಂದು ಅಜ್ಜ ನನ್ನನ್ನೇ ಕೇಳಿದರು. ಅವರು ಬಿಸಿಲಲ್ಲಿ ಇನ್ನೊಂದು ಶಾಲೆಗೆ ನಡೆದು ಹೋಗಿ ಮತ ಹಾಕಿದರು. ಎಲ್ಲರೂ ಹಾಗೆ ಹೋಗುವುದಿಲ್ಲ. ಎಷ್ಟೋ ಜನ ಮನೆಗೆ ತಿರುಗುತ್ತಾರೆ.

ಅಂದು ಮತ ಹಾಕಿದವರ ಶ್ರಮಕ್ಕೆ ಏನಾಯಿತು ನೋಡಿ. ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. ಸದಸ್ಯರು ಗೆದ್ದ ಮೇಲೆ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ ಆಗಬೇಕು. ಆ ಹುದ್ದೆ ಯಾವ ಊರಲ್ಲಿ ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿಯನ್ನು ರಾಜ್ಯ ಸರಕಾರ ಹೊರಡಿಸುತ್ತದೆ. ಹೊರಟ ಪಟ್ಟಿ ಬದಲಾಯಿತು, ಬದಲಾದದ್ದು ಹೈಕೋರ್ಟ್ ಮೆಟ್ಟಿಲೇರಿತು. ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಎರಡು ವರ್ಷಕ್ಕೂ ಮಿಕ್ಕಿ ಊರನ್ನು ನಡೆಸಿದವರು ಆಡಳಿತಾಧಿಕಾರಿಗಳು. ತಮ್ಮ ಕಂದಾಯ ಇಲಾಖೆಯ ಕೆಲಸದ ರಾಶಿಯ ನಡುವೆ ಅವರು ಮಾಡಿದ್ದನ್ನು ಹಳಿಯಲಾರೆ. ಆದರೆ ಅವರನ್ನು ನಾವು ಆರಿಸಿರಲಿಲ್ಲ, ಓಣಿಯ ಕಟ್ಟೆಗೆ ಕರೆದು ಲೆಕ್ಕ ಕೇಳುವಂತೆಯೂ ಇರಲಿಲ್ಲ.

ನನಗೆ ಪರಿಚಯದ ಒಬ್ಬಾಕೆ ಆ ಚುನಾವಣೆಯಲ್ಲಿ ಮಹಿಳಾ ಮೀಸಲು ವಾರ್ಡಿನಿಂದ ಗೆದ್ದಿದ್ದಳು. ಆಕೆಯ ಊರಿನ ಹೆಸರು ಇಲ್ಲಿ ಬೇಡ. ಬೇಸಿಗೆಯಲ್ಲಿ ನೀರು ಬಾರದಿದ್ದಾಗ ಖಾಲಿ ಕೊಡ ಹಿಡಿದ ಹೆಂಗಸರು ಬಂದು ನಿಲ್ಲುತ್ತಿದ್ದದ್ದು ಆಕೆಯ ಮನೆ ಮುಂದೆಯೇ. "ಇನ್ನೂ ಸಭೀನ ಕರದಿಲ್ಲರೀ, ನಾ ಎಲ್ಲಿ ಮಾತಾಡ್ಲಿ?" ಎಂದು ಆಕೆ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಆರಿಸಿ ಬಂದವಳಿಗೆ ಮಾತಾಡಲು ಜಾಗವಿಲ್ಲ ಎಂಬುದನ್ನು ಯಾರಾದರೂ ಹೇಗೆ ನಂಬಬೇಕು? ಅರ್ಧದಷ್ಟು ವಾರ್ಡುಗಳನ್ನು ಹೆಣ್ಣುಮಕ್ಕಳಿಗೆ ಕೊಟ್ಟು, ಗೆದ್ದವರನ್ನು ಎರಡು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ್ದು ಅನ್ಯಾಯ. ಅದಕ್ಕಿಂತ ಸೌಮ್ಯವಾದ ಮಾತು ನನಗೆ ತೋಚುತ್ತಿಲ್ಲ.

ಅಷ್ಟಕ್ಕೂ ಪಾಠ ಕಲಿಯಲಿಲ್ಲ. ಅಧ್ಯಕ್ಷರ ಮೂವತ್ತು ತಿಂಗಳ ಮೊದಲ ಅವಧಿ 2023ರ ನಡುವೆ ಮುಗಿದರೆ, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಆಡಳಿತಾಧಿಕಾರಿ.

ಪುರಸಭೆಯ ಕಟ್ಟುಪಾಡು ಇರುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ. ಎಷ್ಟು ಜನಸಂಖ್ಯೆಗೆ ಎಷ್ಟು ಸದಸ್ಯರು ಎಂಬುದೂ ಅಲ್ಲಿಯೇ ಇದೆ. 2011ರ ಜನಗಣತಿಯಲ್ಲಿ ಸವಣೂರು ನಲವತ್ತು ಸಾವಿರ ದಾಟಿತ್ತು, ಹಾಗಾಗಿ 27 ವಾರ್ಡು, ಇಪ್ಪತ್ತೆಂಟು ಸಾವಿರದ ಆಸುಪಾಸಿನ ಹಾನಗಲ್, ಶಿಗ್ಗಾವಿಗೆ 23, ಹಿರೇಕೆರೂರಿಗೆ 20. ಅಧ್ಯಕ್ಷರ ಆಯ್ಕೆಯ ದಿನ ಶಾಸಕರಿಗೂ ಸಂಸದರಿಗೂ ಮತವಿದೆ. ಶಿಗ್ಗಾವಿ, ಸವಣೂರು ಹಾವೇರಿ ಜಿಲ್ಲೆಯ ಊರುಗಳಾದರೂ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿವೆ, ಆದ್ದರಿಂದ ಅಲ್ಲಿ ಕೈ ಎತ್ತುವ ಹಕ್ಕು ಧಾರವಾಡದ ಸಂಸದರದು. ಸದಸ್ಯರ ಬಲ ಸಮ ಸಮ ಇರುವಲ್ಲಿ ಈ ಎರಡು ಮತಗಳೇ ಅಧ್ಯಕ್ಷರನ್ನು ತೀರ್ಮಾನಿಸಿಬಿಡಬಹುದು.

ಈ ಕಾಯ್ದೆಯನ್ನು ತಿದ್ದುವಾಗ ಊರಿನವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ವಿಧಾನಮಂಡಲ ತಿದ್ದುತ್ತದೆ, ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ, ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಇನ್ನು ಮುಂದೆ ಸ್ಥಳೀಯ ಚುನಾವಣೆಗಳಿಗೆ ಮತಯಂತ್ರದ ಬದಲು ಮತಪತ್ರ ಬಳಸಬೇಕೆಂದು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಆ ನಿರ್ಧಾರ ಸರಿಯೋ ತಪ್ಪೋ, ನಾಲ್ಕೂ ಊರಿನ ಮತದಾರರಿಗೆ ಅದು ತಿಳಿದದ್ದು ಮರುದಿನದ ಪೇಪರಿನಿಂದ. ಅಮೆರಿಕದ ಎಷ್ಟೋ ನಗರಗಳಲ್ಲಿ ಹೀಗಿಲ್ಲ. ನಗರದ ಮೂಲ ನಿಯಮ ಬದಲಾಗಬೇಕಾದರೆ ಜನ ಮತ ಹಾಕಬೇಕು. ನ್ಯೂಯಾರ್ಕಿನವರು 2025ರ ನವೆಂಬರ್ 4ರಂದು ಮೇಯರನ್ನು ಆರಿಸಿದ ದಿನವೇ ಅಂಥ ಕೆಲವು ಪ್ರಶ್ನೆಗಳಿಗೂ ಉತ್ತರ ಬರೆದರು. ಮನೆ ಕಟ್ಟುವ ನಿಯಮಗಳ ಬದಲಾವಣೆಗೆ ಹೂಂ ಎಂದರು. ನಗರದ ಚುನಾವಣೆಯನ್ನು ದೇಶದ ಅಧ್ಯಕ್ಷರ ಚುನಾವಣೆಯ ವರ್ಷಕ್ಕೆ ಸರಿಸೋಣವೇ ಎಂದು ಕೇಳಿದ್ದಕ್ಕೆ ಬೇಡ ಎಂದರು. ಚುನಾವಣೆ ಯಾವಾಗ ಎಂಬುದನ್ನೂ ಜನರನ್ನೇ ಕೇಳುವ ಊರುಗಳು ಜಗತ್ತಿನಲ್ಲಿವೆ. ನಮ್ಮ ಹಾನಗಲ್ಲಿಗೆ ಅದು ನಾಳೆಯೇ ಬರಲಿ ಎಂದು ನಾನು ಹೇಳುತ್ತಿಲ್ಲ. ಇರುವ ಹಕ್ಕನ್ನಾದರೂ ಬಳಸೋಣ ಎಂಬುದು ನನ್ನ ಆಸೆ.

ಇರುವ ಹಕ್ಕು ಯಾವುದು? ಆಕ್ಷೇಪಣೆ. ವಾರ್ಡುಗಳ ಗಡಿ ಬದಲಿಸುವ ಮುನ್ನ, ಮೀಸಲಾತಿ ನಿಗದಿ ಮಾಡುವ ಮುನ್ನ, ಊರಿನ ಮೇರೆ ಹಿಗ್ಗಿಸುವ ಮುನ್ನ ಕರಡು ಅಧಿಸೂಚನೆ ಹೊರಡುತ್ತದೆ. ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದು ಅದರಲ್ಲೇ ಬರೆದಿರುತ್ತದೆ. ನಮ್ಮ ಓಣಿಯವರಿಗೆ ನಾನು ಒಮ್ಮೆ ಅಂಥ ಅರ್ಜಿ ಬರೆದುಕೊಟ್ಟಿದ್ದೇನೆ. ಬಿಳಿ ಹಾಳೆಯಲ್ಲಿ ವಾರ್ಡ್ ಸಂಖ್ಯೆ, ರಸ್ತೆಯ ಎಡ ಬಲ ಗುರುತು, ಯಾವ ಮನೆಗಳು ತುಂಡಾಗಿವೆ ಎಂಬ ವಿವರ, ಕೆಳಗೆ ಸಹಿಗಳು. ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಮುದ್ರೆ ಒತ್ತಿಸಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿಯಿತು. ವಕೀಲರು ಬೇಕಾಗಲಿಲ್ಲ. ಅಜ್ಜ ಅಜ್ಜಿಯನ್ನು ಎರಡು ವಾರ್ಡಿಗೆ ಹಂಚುವಂಥ ತಪ್ಪು ಆ ಹಂತದಲ್ಲೇ ತಿದ್ದಬೇಕು. ಮತದಾನದ ದಿನ ಬೂತಿನಲ್ಲಿ ಕೂತ ನಮ್ಮಂಥವರಿಂದ ಏನೂ ಮಾಡಲಾಗುವುದಿಲ್ಲ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಪುರಸಭೆಯ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಿರಬೇಕು ಎಂದು ಅದು ಹೇಳುತ್ತದೆ. ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಈ ಗಡುವನ್ನು ಮೀರುವಂತಿಲ್ಲ ಎಂದಿದೆ. 2020ರ ಕೊನೆಗೆ ಮೊದಲ ಸಭೆ ಕಂಡ ನಮ್ಮ ಪುರಸಭೆಗಳ ಐದು ವರ್ಷ 2025ರ ಕೊನೆಗೆ ತುಂಬಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ವಾರ್ಡಿನ ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನವೇ ಹೋಗಿ ಓದಿ. ಮನೆಯವರೆಲ್ಲರ ಹೆಸರು ಒಂದೇ ವಾರ್ಡಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಗಡುವಿನೊಳಗೆ ಬರೆದು ಕೊಡಿ. ಮತ ಕೇಳಲು ಬಂದವರನ್ನು ಮೊದಲು ಕೇಳಿ: ಗೆದ್ದ ಮೇಲೆ ಸಭೆ ಸೇರುವುದು ಯಾವಾಗ?