ಸುಣ್ಣದ ಗೆರೆಯಾಚೆ ನಿಂತವರು

ಬೆಟಗೇರಿಯ ನೇಕಾರರ ಓಣಿಗೆ ಸಂಜೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಬೀಳುತ್ತದೆ. ಖಟಕ್ ಪಟಕ್ ಎನ್ನುವ ಮಗ್ಗದ ಸದ್ದು ಒಂದು ಮನೆಯಲ್ಲಿ ನಿಂತಿತು ಅನ್ನುವಷ್ಟರಲ್ಲಿ ಎದುರು ಮನೆಯಲ್ಲಿ ಎದ್ದಿರುತ್ತದೆ. ಶ್ರಾವಣ ಕಳೆದ ದಿನಗಳು. ಎರಿ ಹೊಲದ ಹೆಸರುಕಾಳು ಗದಗಿನ ಮಾರುಕಟ್ಟೆಗೆ ಬರುವ ಹೊತ್ತು. ಟ್ರ್ಯಾಕ್ಟರು ಹೋದ ದಾರಿಯುದ್ದಕ್ಕೂ ಹೊಟ್ಟಿನ ಧೂಳು, ಅದರಡಿಯಲ್ಲಿ ಇನ್ನೂ ಆರದ ಮಣ್ಣಿನ ವಾಸನೆ. ಓಣಿ ಮುಗಿದು ದೊಡ್ಡ ರಸ್ತೆ ಸಿಗುವಲ್ಲಿ ಒಂದು ಮಿರ್ಚಿ ಬಂಡಿ. ಹಿಟ್ಟು ಮೆತ್ತಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದು ಚೊಂಯ್ ಅಂದಾಗ ಅದರ ಘಾಟಿಗೆ ಸೀನುತ್ತಲೇ ನಾಲ್ಕು ಮಂದಿ ಹತ್ತಿರ ಸರಿಯುತ್ತಾರೆ. ಹತ್ತಿರ ಸರಿಯಲು ಇನ್ನೊಂದು ಕಾರಣವೂ ಉಂಟು. ಚಟ್ನಿಯ ಡಬ್ಬಿಗೆ ಆನಿಸಿ ನಿಲ್ಲಿಸಿದ ಮೊಬೈಲಿನಲ್ಲಿ ಕಬಡ್ಡಿ ನಡೆದಿದೆ.

ನಾವೂ ಒಂದು ಪ್ಲೇಟು ಮಿರ್ಚಿ ಹಿಡಿದು ಅಂಚಿಗೆ ನಿಲ್ಲೋಣ. ಇಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಯಾವ ತಂಡ ಅಂತಷ್ಟೇ ಕೇಳುತ್ತಾರೆ. ಅಂಗಿಯ ಮೇಲೆ ನೂಲಿನ ತುಣುಕು ಅಂಟಿಸಿಕೊಂಡೇ ಬಂದ ಮಗ್ಗದವರು, ಪೇಟೆಯ ಅಂಗಡಿಗಳಿಂದ ಬಿಟ್ಟು ಬಂದ ಹುಡುಗರು, ಪುಸ್ತಕದ ಬ್ಯಾಗು ಇಳಿಸದ ಕಾಲೇಜಿನವರು, ಎಲ್ಲರ ಕಣ್ಣೂ ಅಂಗೈಯಗಲದ ಪರದೆಯ ಮೇಲೆ. ರೇಡರ್ ಬೋನಸ್ ಗೆರೆಗೆ ಕಾಲು ಚಾಚುತ್ತಾನೆ, ಕವರ್‌ನವನು ಅವಸರಪಟ್ಟು ಮೈಮೇಲೆ ಬೀಳುತ್ತಾನೆ, ರೇಡರ್ ನುಣುಚಿ ನಡುಗೆರೆ ಮುಟ್ಟುತ್ತಾನೆ. ಬಂಡಿಯ ಸುತ್ತ ಒಂದೇ ಸಲಕ್ಕೆ ಆರು ತೀರ್ಪು.

“ಕಾರ್ನರ್‌ನವ ಕಾಲ ಹಿಡಿಯೂತನಾ ತಡೀಬೇಕಿಲ್ಲೇನೋ, ಇಂವ ಯಾಕ ಮೊದಲ ಹಾರಿದ?”

“ತಡದ್ರ ಅಂವ ಗೆರಿ ದಾಟ್ತಿದ್ದ. ನಿನಗೇನ್ ತಿಳೀತದ, ಮಿರ್ಚಿ ತಿನ್ನು.”

ಬೆಂಗಳೂರು ಬುಲ್ಸ್ ಇವರ ಪ್ರೀತಿ, ಇವರ ತಲೆನೋವು ಕೂಡ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಬೆನ್ನು ಹತ್ತಿದವರು ಇಲ್ಲಿದ್ದಾರೆ. 2019ರ ಜನವರಿ 5ರ ರಾತ್ರಿಯ ಮಾತು ತೆಗೆದರೆ ಎಣ್ಣೆ ಕಾಯಿಸುವವನೂ ಜಾರೆ ಕೆಳಗಿಟ್ಟು ಬಾಯಿ ಹಾಕುತ್ತಾನೆ. ಮುಂಬೈಯ ಆ ಫೈನಲ್‌ನಲ್ಲಿ ಗುಜರಾತ್ ತಂಡದೆದುರು ಬುಲ್ಸ್ 38–33ರಿಂದ ಗೆದ್ದಿತು, ಆ 38ರಲ್ಲಿ 22 ಪವನ್ ಸೆಹ್ರಾವತ್ ಒಬ್ಬನವೇ. ಅಂಥವನನ್ನು ಮುಂದೆ ಕೈಬಿಟ್ಟದ್ದು, 2022ರ ಹರಾಜಿನಲ್ಲಿ ಅವನು 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದದ್ದು ಇಲ್ಲಿಯವರಿಗೆ ಇಂದಿಗೂ ಜೀರ್ಣವಾಗಿಲ್ಲ. ಹನ್ನೊಂದನೇ ಆವೃತ್ತಿಯಲ್ಲಿ 22 ಪಂದ್ಯ ಆಡಿ ಎರಡನ್ನೇ ಗೆದ್ದು ತಂಡ ತಳ ಸೇರಿದಾಗ ಮೊಬೈಲು ಚಟ್ನಿ ಡಬ್ಬಿಯ ಹಿಂದಕ್ಕೆ ಹೋಗಿತ್ತು. 2025ರಲ್ಲಿ ನಮ್ಮ ನೆಲದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ಇರಾನಿನ ಅಲಿರೆಜಾ ಮಿರ್ಜಾಯಿಯನ್ ರೇಡಿಗೆ ಇಳಿದ, ತಂಡ ಪ್ಲೇಆಫ್ ಕಂಡಿತು, ಮೊಬೈಲು ಮತ್ತೆ ಮುಂದೆ ಬಂತು.

ನಗು ಬರಿಸುವ ಸಂಗತಿಯೊಂದನ್ನು ಕಾಲೇಜಿನ ಹುಡುಗನೊಬ್ಬ ಎತ್ತುತ್ತಾನೆ. ಟ್ರೋಫಿ ಗೆದ್ದ ಆ ಆವೃತ್ತಿಯಲ್ಲಿ ಬುಲ್ಸ್ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ಪುಣೆಯಲ್ಲಿ, ಅದರ ಹಿಂದಿನ ವರ್ಷ ನಾಗಪುರದಲ್ಲಿ. 2024ರಲ್ಲಿ ಲೀಗು ಹೈದರಾಬಾದ್, ನೋಯ್ಡಾ, ಪುಣೆ ಸುತ್ತಿತು, 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದಿಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡ ಎರಡೂ ವರ್ಷ ಕರ್ನಾಟಕದ ಮಣ್ಣು ಮೆಟ್ಟಲಿಲ್ಲ. “ಅಂದಮ್ಯಾಲ ಬೆಂಗಳೂರಾಗ ಇದ್ದವ್ರಿಗೂ ಬೆಟಗೇರ್ಯಾಗ ಇದ್ದವ್ರಿಗೂ ಏನ್ ಫರಕ್ ಬಂತು? ಅವರದೂ ಮೊಬೈಲ, ನಮ್ದೂ ಮೊಬೈಲ!”

ಪರದೆಯ ಆಟಕ್ಕೆ ತೀರ್ಪು ಕೊಡುವ ಈ ಕಣ್ಣು ತಯಾರಾದದ್ದು ಎಲ್ಲಿ ಎಂದು ನೋಡಬೇಕಾದರೆ ಬಸ್ಸು ಹತ್ತಬೇಕು. ಗದಗಿನಿಂದ ತೆಂಕಣಕ್ಕೆ ಶಿರಹಟ್ಟಿ, ಅಲ್ಲಿಂದ ಮುಂದೆ ಲಕ್ಷ್ಮೇಶ್ವರ. ಒಂದು ಮಗ್ಗುಲಿಗೆ ಕಪ್ಪತಗುಡ್ಡದ ಸಾಲು, ಏರಿನ ಮೇಲೆ ನಿಧಾನಕ್ಕೆ ತಿರುಗುವ ಗಾಳಿಗಿರಣಿಗಳು, ಕಿಟಕಿಯಲ್ಲಿ ನುಗ್ಗುವ ಗಾಳಿಗೆ ಕಂಡಕ್ಟರನ ಮಾತು ಅರ್ಧವೇ ಕೇಳುತ್ತದೆ. ಫಕೀರೇಶ್ವರ ಮಠದ ಶಿರಹಟ್ಟಿಯಲ್ಲಿ, ಸೋಮೇಶ್ವರನ ಲಕ್ಷ್ಮೇಶ್ವರದಲ್ಲಿ, ಸುತ್ತಲ ಹಳ್ಳಿಗಳಲ್ಲಿ ಜಾತ್ರೆ ಅಂದರೆ ತೇರಿನಷ್ಟೇ ಆಟ. ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇದ್ದ ದಿನ ಹೊಲದ ಬದುವಿನ ತುಂಬ ಜನ. ಬರಿದಾದ ಬಂಡಿಗೆ ಹೂಡಿದ ಎತ್ತುಗಳು ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿದವು ಎಂದು ಟೇಪು ಹಿಡಿದು ಅಳೆಯುವುದಕ್ಕೆ ಮೊದಲೇ ಬದುವಿನ ಮೇಲಿನ ಮುದುಕರು ಅಂದಾಜು ಹೇಳಿ ಮುಗಿಸಿರುತ್ತಾರೆ. ಕುಸ್ತಿ ಕಣದಲ್ಲಂತೂ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಬೆರೆತ ಘಮ, ಹಲಗೆಯ ಬಡಿತ, ತೊಡೆ ತಟ್ಟುವ ಸದ್ದು. ಜಂಗೀ ನಿಕಾಲಿ ಕುಸ್ತಿಗೆ ಬೆಳ್ಳಿ ಕಡಗವನ್ನೋ ಗದೆಯನ್ನೋ ಇಟ್ಟಿರುತ್ತಾರೆ. ಪೈಲ್ವಾನ ಭುಜ ತುಸು ಇಳಿಸಿದನೋ, ಪಟ್ಟು ಯಾವುದು ಎಂದು ಗೆರೆಯಾಚೆ ಕೂತ ಹುಡುಗನಿಗೆ ಹೊಳೆದಿರುತ್ತದೆ. ಹೀಗೆ ನೆಲದ ಮೇಲೆ ಕೂತು, ಧೂಳು ಕುಡಿದು ಕಲಿತದ್ದನ್ನೇ ಇವರು ಬುಲ್ಸ್‌ನ ಕವರ್‌ಗೂ ಕಾರ್ನರ್‌ಗೂ ಹಚ್ಚುತ್ತಾರೆ.

ಇನ್ನು ಮುಂಡರಗಿ. ತುಂಗಭದ್ರೆ ಅಷ್ಟು ದೂರವೇನಿಲ್ಲ, ಆದರೂ ಬಿಸಿಲು ತನ್ನ ಹಟ ಬಿಡುವುದಿಲ್ಲ. ಕಾಲೇಜು ಮೈದಾನದಲ್ಲಿ ಇಂಟರ್‌ಕಾಲೇಜು ಕಬಡ್ಡಿ ಇದೆ ಎಂದರೆ ಬೆಳಿಗ್ಗೆಯೇ ಸಡಗರ. ಒಬ್ಬ ಹಗ್ಗ ಎಳೆದು ಹಿಡಿದಿದ್ದಾನೆ, ಇನ್ನೊಬ್ಬ ಬೊಗಸೆಯಲ್ಲಿ ಸುಣ್ಣದ ಪುಡಿ ತುಂಬಿ, ಬೆರಳ ಸಂದಿಯಿಂದ ಸಣ್ಣಗೆ ಬಿಡುತ್ತ, ಹಗ್ಗದ ಗುಂಟ ಬಗ್ಗಿ ನಡೆಯುತ್ತಿದ್ದಾನೆ. ಹುಡುಗರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಹುಡುಗಿಯರದು 12ಕ್ಕೆ 8. ಟೇಪು ಗಾಳಿಗೆ ಹಾರಾಡುತ್ತದೆ, ದೈಹಿಕ ಶಿಕ್ಷಣದ ಮಾಸ್ತರರು ಅದರ ತುದಿಯನ್ನು ಬೂಟಿನಡಿ ಒತ್ತಿ ನಿಂತು ಸೀಟಿ ಬಾಯಲ್ಲಿಟ್ಟುಕೊಂಡೇ ಎಲ್ಲರನ್ನೂ ಗದರುತ್ತಾರೆ. ಮಣ್ಣಿನಲ್ಲಿ ಹರಳು ಉಳಿದಿದೆಯೇ ಎಂದು ಇಬ್ಬರು ಹುಡುಗರು ಬರಿಗಾಲಲ್ಲಿ ಅಡ್ಡಡ್ಡ ನಡೆದು ನೋಡುತ್ತಾರೆ. ಬೇವಿನ ಮರದ ಕೆಳಗೆ ಮೊಣಕಾಲಿಗೆ ಪಟ್ಟಿ ಸುತ್ತುವವರು, ಉಗುರು ಕತ್ತರಿಸಿಕೊಳ್ಳುವವರು. ಉಗುರು ಉಳಿದರೆ ಅಂಪೈರು ಒಳಗೆ ಬಿಡುವುದಿಲ್ಲ.

ಮೊದಲು ಹುಡುಗಿಯರ ಪಂದ್ಯ. ಜಡೆಯನ್ನು ಬಿಗಿದು ಗಂಟು ಹಾಕಿ, ಏಳು ಮಂದಿ ಕೈಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಬಂದವಳು ಎಡಕ್ಕೆ ಕಣ್ಣು ತೋರಿಸಿ ಬಲಕ್ಕೆ ಕಾಲು ಬೀಸುತ್ತಾಳೆ. 30 ಸೆಕೆಂಡು ಮುಗಿಯುತ್ತ ಬಂದಂತೆ ಅವಳ ‘ಕಬಡ್ಡಿ ಕಬಡ್ಡಿ’ ಗಂಟಲಿನಿಂದ ಎದೆಗೆ ಇಳಿಯುತ್ತದೆ. ತಟ್ಟನೆ ಕಾರ್ನರ್‌ನವಳ ಕೈ ಪಾದದ ಗಿಣ್ಣಿಗೆ ಬೀಳುತ್ತದೆ, ಉಳಿದವರು ಸುತ್ತ ಮುಗಿಬೀಳುತ್ತಾರೆ, ಎಂಟು ಮೈಗಳ ರಾಶಿಯಿಂದ ಒಂದು ಕೈ ಮಾತ್ರ ಹೊರಗೆ ಚಾಚಿ ನಡುಗೆರೆಗಾಗಿ ಮಣ್ಣು ಕೆರೆಯುತ್ತದೆ. ಗೆರೆಗೆ ನಾಲ್ಕು ಬೆರಳು ಉಳಿದಿರುವಾಗ ಸೀಟಿ. ಧೂಳು ಇಳಿದ ಮೇಲೆ ನೋಡಿದರೆ ಆ ಜಾಗದ ಸುಣ್ಣವೇ ಅಳಿಸಿಹೋಗಿದೆ. ಇದನ್ನು ನೋಡಲು ಎಷ್ಟು ಜನ? ಒಂದು ತರಗತಿಯ ಹುಡುಗರು, ಇಬ್ಬರು ಉಪನ್ಯಾಸಕರು, ಐಸ್‌ಕ್ಯಾಂಡಿಯವನು, ಕಾಂಪೌಂಡಿನ ಮೇಲೆ ಕೂತ ಶಾಲೆಯ ಚಿಕ್ಕ ಮಕ್ಕಳು. ಬೆಟಗೇರಿಯ ಬಂಡಿಯ ಸುತ್ತ ಮೊಬೈಲಿಗೆ ಮುತ್ತಿದವರಲ್ಲಿ ಕಾಲು ಪಾಲು ಇಲ್ಲಿದ್ದಿದ್ದರೂ ಮೈದಾನ ತುಂಬಿದಂತೆ ಕಾಣುತ್ತಿತ್ತು.

ಈ ಮಕ್ಕಳ ದಾರಿ ಧಾರವಾಡಕ್ಕೆ ಹೋಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ನಾಲ್ಕು ಜಿಲ್ಲೆಯ ಕಾಲೇಜುಗಳಿವೆ. ಇಲ್ಲಿ ಮಿಂಚಿದವರಿಗೆ ‘ಯೂನಿವರ್ಸಿಟಿ ಬ್ಲೂ’, ಬ್ಲೂ ಆದವರಿಗೆ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ ಮಟ್ಟ. ಅದರಾಚೆ ರೈಲ್ವೆ, ಪೊಲೀಸು, ಬ್ಯಾಂಕು ಎನ್ನುವ ಕ್ರೀಡಾ ಕೋಟಾದ ಕನಸು. ಆದರೆ ಇಂಥ ಕೂಟಗಳು ಸಾಮಾನ್ಯವಾಗಿ ನಾಕೌಟ್. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಲಕ್ಷ್ಮೇಶ್ವರದಿಂದ ಬಸ್ಸಿಗೆ ಬಂದ ಹುಡುಗರ ತಂಡ, ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅವಧಿ ಆಡಿ ಸೋತರೆ, ವರ್ಷದ ಲೆಕ್ಕ ಅಲ್ಲಿಗೆ ಚುಕ್ತಾ. ಮರದ ಕೆಳಗೆ ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿಂದು, ಮತ್ತೆ ಬಸ್‌ಸ್ಟ್ಯಾಂಡು. 2025ರ ಪ್ರೊ ಕಬಡ್ಡಿಯಲ್ಲಿ ಪ್ರತಿ ತಂಡಕ್ಕೆ ಲೀಗ್ ಹಂತದಲ್ಲೇ 18 ಪಂದ್ಯ ಸಿಕ್ಕವು. ಅಲ್ಲಿ ಇವತ್ತು ತಪ್ಪಿದವನು ನಾಡಿದ್ದು ತಿದ್ದಿಕೊಳ್ಳುತ್ತಾನೆ. ಇಲ್ಲಿ ತಿದ್ದಿಕೊಳ್ಳುವ ಹೊತ್ತಿಗೆ ಹುಡುಗ ಪದವಿ ಮುಗಿಸಿ ಅಪ್ಪನ ಹೊಲದಲ್ಲಿರುತ್ತಾನೆ.

ಕ್ರಿಕೆಟ್ಟಿನ ಮಾತು ಬಂದರೆ ಗದಗಿನವರ ದನಿ ತಾನಾಗಿ ಒಂದು ಮೆಟ್ಟಿಲು ಏರುತ್ತದೆ. ಸುನಿಲ್ ಜೋಶಿ ಈ ಊರಿನ ಮಗ. 1970ರಲ್ಲಿ ಇಲ್ಲೇ ಹುಟ್ಟಿದವರು. ನಸುಕಿನಲ್ಲಿ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಮರಳಿ ಬಂದು ಶಾಲೆಗೆ ಕೂಡುತ್ತಿದ್ದ ಹುಡುಗ 1996ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತದ ಟೆಸ್ಟ್ ಟೋಪಿ ತೊಟ್ಟದ್ದನ್ನು ಇಲ್ಲಿ ಹರೆಯದವರೂ ಬಾಯಿಪಾಠ ಒಪ್ಪಿಸುತ್ತಾರೆ. 1999ರ ಸೆಪ್ಟೆಂಬರ್ 26, ನೈರೋಬಿ. ದಕ್ಷಿಣ ಆಫ್ರಿಕಾದ ಎದುರು 10 ಓವರು, 6 ಮೇಡನ್, 6 ರನ್ನು, 5 ವಿಕೆಟ್. ಮರುವರ್ಷ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ, ಎಂಟು ವಿಕೆಟ್ ಕಿತ್ತು 92 ರನ್ನು ಹೊಡೆದು ಪಂದ್ಯಶ್ರೇಷ್ಠ. ಒಟ್ಟು ಪ್ರಥಮ ದರ್ಜೆ ವಿಕೆಟ್ 615. ಜಿಲ್ಲಾ ಕ್ರೀಡಾಂಗಣದ ಸುತ್ತ ಬೆಳಗಿನ ವಾಕಿಂಗ್ ಮಾಡುವ ಹಿರಿಯರು, ಎಡಗೈಯಲ್ಲಿ ಚೆಂಡು ತಿರುಗಿಸುವ ಯಾವ ಹುಡುಗ ಕಂಡರೂ ಎರಡು ಎಸೆತ ನಿಂತು ನೋಡಿಯೇ ಮುಂದೆ ನಡೆಯುತ್ತಾರೆ.

ಹಾಗಾಗಿ 2025ರ ಜೂನ್ 3ರ ರಾತ್ರಿ ಗದಗಿನ ಸಂಕಟ ಉಳಿದ ಕರ್ನಾಟಕಕ್ಕೆ ಇದ್ದಿರಲಿಕ್ಕಿಲ್ಲ. ಅಹಮದಾಬಾದಿನ ಐಪಿಎಲ್ ಫೈನಲ್‌ನಲ್ಲಿ ಒಂದು ಕಡೆ ಹದಿನೇಳು ಆವೃತ್ತಿ ಕಳೆದರೂ ಕಪ್ಪು ಕಾಣದ ಆರ್‌ಸಿಬಿ, ಇನ್ನೊಂದು ಕಡೆ ಪಂಜಾಬ್ ಕಿಂಗ್ಸ್. ಆಗ ಪಂಜಾಬಿನ ಸ್ಪಿನ್ ಕೋಚ್ ನಮ್ಮ ಜೋಶಿ! ಮನಸ್ಸು ಬೆಂಗಳೂರಿಗೆ, ಅಭಿಮಾನ ಊರಿನವನಿಗೆ. ಆರ್‌ಸಿಬಿ 6 ರನ್ನಿನಿಂದ ಗೆದ್ದಾಗ ಪಟಾಕಿ ಹಾರಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಬಂದಾಗ ಅದೇ ಓಣಿಗಳಲ್ಲಿ ಮಾತು ಹೊರಡಲಿಲ್ಲ. “ಆಟ ನೋಡಾಕ ಹೋದ ಮಕ್ಕಳು ಮನಿ ಮುಟ್ಟಬೇಕ್ರಿ, ಕಪ್ ಆಮ್ಯಾಲ” ಎಂದು ಮಗ್ಗದ ಹಿರಿಯರೊಬ್ಬರು ಹೇಳಿದ್ದಕ್ಕೆ ಬಂಡಿಯ ಬಳಿ ಇವತ್ತಿಗೂ ಎದುರು ಮಾತಿಲ್ಲ. ಉಳಿದ ಎಲ್ಲಕ್ಕೂ ಇದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ದಿಲ್ಲಿ ತಂಡದ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲೇ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಸುತ್ತು ಬರೆದು ಇದು ನನ್ನ ಜಾಗ ಅಂದದ್ದು ಸರಿಯೋ ತಪ್ಪೋ ಎಂಬ ವಾದ ಎರಡು ಘಾಣ ಮಿರ್ಚಿಗೂ ಮುಗಿಯುವುದಿಲ್ಲ. ನಮ್ಮ ಹುಡುಗನನ್ನು ನಾವೇ ಇಟ್ಟುಕೊಳ್ಳಬೇಕಿತ್ತು ಎನ್ನುವವರೊಂದು ಗುಂಪು. ದುಡ್ಡಿನ ಆಟದಲ್ಲಿ ನಮ್ಮವನು ತಮ್ಮವನು ಅಂತ ಇಲ್ಲ ಎನ್ನುವವರು ಇನ್ನೊಂದು.

ಅಭಿಮಾನಿಗಳ ಈ ಸಭೆಯಲ್ಲಿ ಕೂಡಿ ಕೇಳುತ್ತ ಹೋದರೆ, ಎಲ್ಲ ಜಗಳದ ತಳದಲ್ಲಿ ಒಂದೇ ಬೇಡಿಕೆ ಸಿಗುತ್ತದೆ. ಇನ್ನೊಂದು ದೊಡ್ಡ ತಂಡವನ್ನಾಗಲಿ, ಹೊಳೆಯುವ ಕ್ರೀಡಾಂಗಣವನ್ನಾಗಲಿ ಇವರು ಕೇಳುತ್ತಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳು ಒಬ್ಬರ ಅಂಗಳಕ್ಕೆ ಒಬ್ಬರು ಹೋಗಿ ಆಡುವ ಒಂದು ಲೀಗ್. ಒಂದು ಸೋಲಿಗೆ ಮನೆಗೆ ಕಳಿಸದ ಆಟ. ಬಸ್ ಪಾಸು ಮಕ್ಕಳ ಕಿಸೆಯಲ್ಲಿದೆ, ಮೈದಾನ ಕಾಲೇಜಿನವರದು, ಸುಣ್ಣ ಅಗ್ಗ. ಪರದೆಯ ಲೀಗಿನಿಂದ ಕಲಿಯಬೇಕಾದದ್ದು ಬೆಳಕಿನ ಅಬ್ಬರವನ್ನಲ್ಲ, ಆಟಗಾರನಿಗೆ ಮತ್ತೆ ಮತ್ತೆ ಅಂಗಳ ಕೊಡುವ ಪದ್ಧತಿಯನ್ನು. ನನಗೂ ಹಾಗೇ ಅನ್ನಿಸುತ್ತದೆ. ನಸುಕಿನ ಹುಬ್ಬಳ್ಳಿ ಪ್ರಯಾಣ ಒಬ್ಬ ಜೋಶಿಯನ್ನು ಕೊಟ್ಟಿತು ನಿಜ. ಆ ಪ್ರಯಾಣಕ್ಕೆ ಕಾಸಿಲ್ಲದೆ, ಬಿಡುವಿಲ್ಲದೆ ಊರಲ್ಲೇ ಉಳಿದವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಲೀಗ್ ಬರುವ ತನಕ ಅಭಿಮಾನಿಯ ಕೈಯಲ್ಲಿರುವುದು ಇಷ್ಟು. ಇಂಟರ್‌ಕಾಲೇಜಿನ ದಿನ ಗೊತ್ತಾದರೆ ಹತ್ತು ಗಂಟೆಯೊಳಗೆ ಬನ್ನಿ. ಟಿಕೆಟ್ ಇಲ್ಲ, ಕುರ್ಚಿಯೂ ಇಲ್ಲ, ಬೇವಿನ ನೆರಳು ಮೊದಲು ಬಂದವರಿಗೆ. ಹುಡುಗಿಯರ ಪಂದ್ಯ ತಪ್ಪಿಸಿಕೊಳ್ಳಬೇಡಿ. ಕವರ್‌ನವನು ಅವಸರಪಟ್ಟರೆ ಅಲ್ಲೇ, ಅವನಿಗೆ ಕೇಳುವಂತೆ ಕೂಗಿ ಹೇಳಬಹುದು. ಈ ಸುಖ ಮೊಬೈಲಿನಲ್ಲಿ ಇಲ್ಲ.