ನೆಲ ನಡುಗಿದರೆ ಕಂಬ ನಿಂತೀತೆ?

2025ರ ಫೆಬ್ರುವರಿ 17ರ ಬೆಳಗಿನ ಜಾವ 5 ಗಂಟೆ 36 ನಿಮಿಷಕ್ಕೆ ದೆಹಲಿ ನಡುಗಿತು. ರಿಕ್ಟರ್ ಲೆಕ್ಕದಲ್ಲಿ ಅದು 4.0 ಮಾತ್ರ, ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಅದರ ಕೇಂದ್ರ ಇದ್ದದ್ದು ಧೌಲಾ ಕುವಾಂ ಬಳಿ, ನೆಲದಿಂದ 5 ಕಿಲೋಮೀಟರ್ ಆಳದಲ್ಲಿ. ಸರೋಜಿನಿ ನಗರದ ಮಾರುಕಟ್ಟೆಯಿಂದಲೂ ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದಿಂದಲೂ ಅದು ಕೆಲವೇ ಕಿಲೋಮೀಟರ್ ದೂರ. ಆಳ ಕಡಿಮೆಯಾದ್ದರಿಂದಲೇ ಅಷ್ಟು ಸಣ್ಣ ಕಂಪನ ಗುಡುಗಿನಂಥ ಸದ್ದಿನೊಂದಿಗೆ ಊರನ್ನೆಲ್ಲ ಎಬ್ಬಿಸಿತು.

ಇದೇ ಭಾಗದಲ್ಲಿ, ದೆಹಲಿ ಮತ್ತು ಗುರುಗ್ರಾಮದ ನಡುವೆ, 1960ರ ಆಗಸ್ಟ್ 27ರಂದು ಸುಮಾರು 6ರ ಕಂಪನವಾಗಿತ್ತು. 4ರಿಂದ 6 ಎಂದರೆ ಎರಡೇ ಹೆಜ್ಜೆ ಅನ್ನಿಸುತ್ತದೆ; ಹೊರಬೀಳುವ ಶಕ್ತಿ ಮಾತ್ರ ಸಾವಿರ ಪಟ್ಟು ಹೆಚ್ಚು.

ಭೂಕಂಪ ವಲಯಗಳ ನಕ್ಷೆಯಲ್ಲಿ ಬಹುಕಾಲದಿಂದ ದೆಹಲಿ 4ನೇ ವಲಯ, ಬೆಂಗಳೂರು 2ನೇ ವಲಯ. ಆದರೆ ನಕ್ಷೆ ಹೇಳುವುದು ನೆಲ ಎಷ್ಟು ಅಲುಗೀತು ಎಂಬುದನ್ನಷ್ಟೆ. ಆ ನೆಲದ ಮೇಲೆ ಎಷ್ಟು ಜನರಿದ್ದಾರೆ, ಅವರ ಮನೆ ಎಷ್ಟು ಗಟ್ಟಿ ಎಂಬುದನ್ನೂ ಕೂಡಿಸಿದಾಗಲೇ ಅಪಾಯದ ಅಂದಾಜು ಪೂರ್ಣವಾಗುತ್ತದೆ. ನಮ್ಮ ಬೀದರ್, ಕಲಬುರಗಿ ಗಡಿಯಾಚೆಯ ಕಿಲ್ಲಾರಿಯನ್ನು ನೆನೆಯಿರಿ. ಆಗಿನ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2ರ ಕಂಪನ ಬಂದಾಗ, ಮಣ್ಣಿನ ಗಾರೆಯಲ್ಲಿ ಕಾಡುಗಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದವು. ಸಾವಿರಾರು ಜನ ಸತ್ತರು. ಅವರನ್ನು ಕೊಂದದ್ದು ಕಲ್ಲು ಮತ್ತು ಮಾಳಿಗೆಯ ಭಾರ.

ಸರೋಜಿನಿ ನಗರ ರಿಡ್ಜ್ ಬೆಟ್ಟಸಾಲಿನ ಕಡೆಗಿದೆ. ಆ ಸಾಲಿನಲ್ಲಿ ಕ್ವಾರ್ಟ್ಸೈಟ್ ಬಂಡೆ ಮೇಲಕ್ಕೇ ಕಾಣುತ್ತದೆ. ಪೂರ್ವಕ್ಕೆ, ಯಮುನೆಯ ಕಡೆಗೆ ಹೋದಂತೆ ಮೆಕ್ಕಲು ಮಣ್ಣಿನ ಪದರ ದಪ್ಪವಾಗುತ್ತದೆ. ಸಡಿಲ ಮಣ್ಣು ಅಲೆಗಳನ್ನು ಹಿಗ್ಗಿಸುತ್ತದೆ. 1985ರಲ್ಲಿ 350 ಕಿಲೋಮೀಟರಿಗೂ ದೂರದ ಕಂಪನಕ್ಕೆ ಮೆಕ್ಸಿಕೋ ನಗರದ ಹಲವು ಕಟ್ಟಡಗಳು ನೆಲಕಚ್ಚಿದ್ದು ಅವು ಹಳೆಯ ಕೆರೆಯಂಗಳದ ಮೇಲೆ ನಿಂತಿದ್ದರಿಂದ. ಈ ಲೆಕ್ಕದಲ್ಲಿ ಸರೋಜಿನಿ ನಗರದವರು ಯಮುನೆಯಾಚೆಯ ಲಕ್ಷ್ಮೀನಗರದವರಿಗಿಂತ ನಿಶ್ಚಿಂತರು ಎಂದುಕೊಳ್ಳಬಹುದು. ಅಷ್ಟು ಸುಲಭವಲ್ಲ.

ಪ್ರತಿ ಕಟ್ಟಡಕ್ಕೂ ತನ್ನದೇ ತೂಗಾಟದ ಲಯವಿದೆ. ಮಹಡಿಗಳ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಅದು ಒಮ್ಮೆ ತೂಗಲು ಬೇಕಾದ ಸೆಕೆಂಡುಗಳು ಹೆಚ್ಚುಕಡಿಮೆ ಸಿಗುತ್ತವೆ. ಉಯ್ಯಾಲೆಯ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಏರುತ್ತಲೇ ಹೋಗುವಂತೆ, ನೆಲದ ಲಯವೂ ಕಟ್ಟಡದ ಲಯವೂ ಕೂಡಿದರೆ ತೂಗಾಟ ಬೆಳೆಯುತ್ತದೆ. ಹತ್ತಿರದ ಕಂಪನದ ಚುರುಕಾದ ಅಲೆಗಳು ತಗ್ಗಿನ ಮನೆಗಳನ್ನು ಕಾಡುತ್ತವೆ. ಹಿಮಾಲಯದ ದೊಡ್ಡ ಕಂಪನದಿಂದ ಬರುವ ನಿಧಾನದ ಅಲೆಗಳು ಎತ್ತರದವನ್ನು ಕಾಡುತ್ತವೆ. ಸರೋಜಿನಿ ನಗರದಲ್ಲಿ ಈಗ ಸರ್ಕಾರಿ ನೌಕರರ ತಗ್ಗಿನ ಹಳೆಯ ಕ್ವಾರ್ಟರ್ಸ್ ಒಡೆದು ಬಹುಮಹಡಿ ವಸತಿಗಳು ಏಳುತ್ತಿವೆ. ನೆಲ ಅದೇ, ನಕ್ಷೆ ಅದೇ. ಅಪಾಯದ ಸ್ವರೂಪ ಬದಲಾಗಿದೆ. ನಿಯಮದಂತೆ ಕಟ್ಟಿದ ಹೊಸ ಗೋಪುರ ಹಳೆಯ ಇಟ್ಟಿಗೆ ಮನೆಗಿಂತ ಸುರಕ್ಷಿತವಾಗಿರಬಲ್ಲದು. ನನ್ನ ಕಳವಳ ಇರುವುದು ನಿಯಮ ತಪ್ಪಿ ಮಹಡಿ ಏರಿಸಿಕೊಂಡ ಖಾಸಗಿ ಕಟ್ಟಡಗಳ ಬಗ್ಗೆ, ಮತ್ತು ಸಂಜೆ ಹೊತ್ತು ಕಾಲಿಡಲು ಜಾಗವಿಲ್ಲದ ಮಾರುಕಟ್ಟೆಯ ಗಲ್ಲಿಗಳ ಬಗ್ಗೆ. ಒಂದೇ ಮನೆ ಸಂಜೆ ಏಳಕ್ಕೆ ಬಿದ್ದರೆ ಸಾವಿನ ಲೆಕ್ಕ ಒಂದು, ನಸುಕಿನ ಐದಕ್ಕೆ ಬಿದ್ದರೆ ಇನ್ನೊಂದು.

ಭೂಕಂಪ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಕಟ್ಟಡವನ್ನು ಒಂದು ಸುತ್ತು ಹಾಕಿಯೇ ಎಂಜಿನಿಯರ್ ಬಹಳಷ್ಟು ಹೇಳಬಲ್ಲರು: ಮಹಡಿ ಎಷ್ಟು, ಗೋಡೆಯಲ್ಲಿ ಓರೆ ಬಿರುಕಿದೆಯೇ, ಕೆಳಗೆ ಕಾರಿಗೆಂದು ಬರೀ ಕಂಬ ಬಿಟ್ಟಿದ್ದಾರೆಯೇ. 2001ರ ಭುಜ್ ಕಂಪನದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಬರೀ ಕಂಬಗಳ ಕಟ್ಟಡಗಳೇ ಹೆಚ್ಚಾಗಿ ಕುಸಿದವು. ದೆಹಲಿಯಲ್ಲಿ ಮನೆ ಹಿಡಿಯುವಾಗ ಬಾಡಿಗೆ ಕೇಳುವ ಮೊದಲು ಕೆಳಗಿನ ಕಂಬಗಳನ್ನು ನೋಡಿ. ಸ್ವಂತ ಫ್ಲ್ಯಾಟ್ ಇದ್ದರೆ ಸೊಸೈಟಿಯ ಮುಂದಿನ ಸಭೆಯಲ್ಲೇ ಸ್ಟ್ರಕ್ಚರಲ್ ಎಂಜಿನಿಯರ್ ತಪಾಸಣೆಗೆ ಒತ್ತಾಯಿಸಿ.